ಗಾಳಿ ಬೇಡದ ಪೆಟ್ಟಿಗೆ

ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ ಮೂಗಿಗೆ ಬಡಿದರೆ ಮಂದಿಗೆ ಕೆಮ್ಮು ಬರುತ್ತದೆ, ನನಗೆ ಪಕ್ಕದ ಮನೆಯ ಕಾಕು ನೆನಪಾಗುತ್ತಾರೆ. ಹುಮನಾಬಾದಿನಲ್ಲಿ ನನ್ನದೊಂದು ಟಿ.ವಿ. ರಿಪೇರಿ ಅಂಗಡಿ. ಇವತ್ತು ಬೆಳಿಗ್ಗೆ ಕಾಕುವಿನ ಹಾರ್ಮೋನಿಯಂ ಪೆಟ್ಟಿಗೆಯಲ್ಲೇ ಕಿತ್ತುಹೋದ ತಂತಿಯೊಂದಕ್ಕೆ ಬೆಸುಗೆ ಹಾಕಬೇಕಾಗಿ ಬಂತು. ಹೊಗೆ ಎದ್ದದ್ದೇ ತಡ, ಕೈಯಲ್ಲಿದ್ದ ಕಾದ ಕಡ್ಡಿಯನ್ನು ಪಕ್ಕಕ್ಕಿಟ್ಟೆ.

ಬಸವಕಲ್ಯಾಣದ ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ಬಾರಿಸುತ್ತ ಮುಂದೆ ಹಾಡುತ್ತಿದ್ದವರು ಅವರು. ಲಕ್ವಾ ಹೊಡೆದು ಎಡಗೈ ಬಿದ್ದುಹೋಯಿತು. ಬಲಗೈ ಕೀಗಳ ಮೇಲೆ ಚಕಚಕ ಓಡುತ್ತಿತ್ತು, ಗಾಳಿ ಹಾಕುವ ಕೈಯೇ ಇಲ್ಲ. ಬೇರೆಯವರು ತಿದಿ ಒತ್ತಿದರೆ ಇವರ ಉಸಿರಿಗೂ ಆ ಗಾಳಿಗೂ ಹೊಂದುತ್ತಿರಲಿಲ್ಲ. ಸೋಮವಾರದ ಭಜನೆಗೆ ಹೋಗುವುದನ್ನೇ ಬಿಟ್ಟರು. ಬಾಯಿಬಿಟ್ಟರೆ ಓಣಿಯನ್ನೇ ನಗಿಸುತ್ತಿದ್ದ ಹೆಂಗಸು ಗೋಡೆ ನೋಡುತ್ತ ಕೂತಿರುತ್ತಿದ್ದರು... ನನಗೆ ನೋಡಲಾಗುತ್ತಿರಲಿಲ್ಲ.

ಪೇಟೆಯ ಕೀಬೋರ್ಡ್ ತರೋಣವೆಂದರೆ ಮೂತಿ ತಿರುಗಿಸಿದರು.

"ಅದು ತನ್ನ ಸೊರದಾಗ ಹಾಡಸ್ತದ ತಮ್ಮಾ. ನನಗ ನನ್ನ ಸೊರ ಬೇಕು."

"ಹಂಗಾದ್ರ ಗಾಳಿನೇ ಬ್ಯಾಡದ ಪೆಟ್ಟಿಗಿ ಮಾಡಿಕೊಡ್ತೀನ್ರಿ ಕಾಕು" ಎಂದೆ.

ವೋಲ್ಟೇಜ್ ಏರಿದಂತೆ ಸ್ವರವೂ ಏರುವ ಸರ್ಕಿಟ್ ಒಂದನ್ನು ಮೊಬೈಲಿನಲ್ಲಿ ನೋಡಿ ಕಲಿತೆ. ಅವರ ಹಳೆಯ ಹಾರ್ಮೋನಿಯಂನ ಪ್ರತಿ ಕೀಯ ಕೆಳಗೂ ಒಂದು ಸ್ವಿಚ್, ಒಂದು ಪುಟ್ಟ ತಿರುಪು ಇಟ್ಟು, ಕಾಕು ಎದುರಿಗೇ ಬೆಸುಗೆ ಹಾಕಿದೆ. ತಿರುಪು ತಿರುಗಿಸಿದರೆ ಆ ಕೀಗೆ ಹೋಗುವ ವೋಲ್ಟೇಜ್ ಬದಲಾಗುತ್ತದೆ. ಮೊದಲ ಸಲ ಅದು ನೆಗಡಿಯಾದ ಎಮ್ಮೆಯಂತೆ ಕೂಗಿತು. ನಾನು ಕೀ ಒತ್ತಿ ಹಿಡಿದರೆ ಕಾಕು ತಾವೇ ಬಲಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು, ಹಾಡಿಕೊಳ್ಳುತ್ತ, ಒಂದೊಂದು ತಿರುಪನ್ನೂ ತಮ್ಮ ಗಂಟಲಿಗೆ ಕೂಡಿಸಿದರು. ಸ್ವರ ಅಳೆಯುವ ಮೊಬೈಲಿನ ಟ್ಯೂನರ್ ತೋರಿಸಲು ಹೋಗಿ ಬೈಸಿಕೊಂಡೆ.

ಸೋಮವಾರ ಬಂತು. ಹೊಸ ವಾದ್ಯಕ್ಕೆ ಪೂಜೆಯಾಗದೆ ಭಜನೆ ಶುರುವಾಗುವುದುಂಟೇ? ಮಂಡಳಿಯ ಹಿರಿಯಮ್ಮನೊಬ್ಬರು ಒದ್ದೆ ವಿಭೂತಿಯಲ್ಲಿ ಬೆರಳದ್ದಿ, ತೆರೆದ ಪೆಟ್ಟಿಗೆಯೊಳಗಿನ ಸರ್ಕಿಟ್‌ನ ಮೇಲೇ ಭಕ್ತಿಯಿಂದ ಮೂರು ಪಟ್ಟೆ ಎಳೆದರು. ನಾನು ಅಯ್ಯೋ ಅನ್ನುವಷ್ಟರಲ್ಲಿ ಹಾಡು ಶುರುವಾಗಿತ್ತು. ತೇವಕ್ಕೆ ವೋಲ್ಟೇಜ್ ಸೋರಿ ಸ್ವರ ಮೆಲ್ಲಗೆ ಕೆಳಗಿಳಿಯತೊಡಗಿತು. ಕಾಕು ನಿಲ್ಲಿಸಲಿಲ್ಲ, ತಮ್ಮ ದನಿಯನ್ನೂ ಇಳಿಸಿದರು. ಅವರ ಹಿಂದೆ ಇಡೀ ಮಂಡಳಿ ಇಳಿಯಿತು. ವಿಭೂತಿ ಒಣಗಿದಂತೆ ಸ್ವರ ಏರಿತು, ಎಲ್ಲರೂ ಏರಿದರು. ನಾನು ಮೂಲೆಯಲ್ಲಿ ಬೆವರುತ್ತಿದ್ದೆ.

"ಮೊದಲನೇ ಸಲ ನೋಡು, ಪೆಟ್ಟಿಗಿಗೂ ಅಂಜಿಕಿ ಬಂದಿತ್ತು. ಅದರ ಜೋಡಿ ಹೋಗಿ ಕರಕೊಂಡು ಬಂದ್ವಿ" ಎಂದು ಕಾಕು ಮನಸಾರೆ ನಕ್ಕರು. ಎಷ್ಟೋ ತಿಂಗಳ ಮೇಲೆ ಆ ನಗು ಕೇಳಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆಮೇಲೆ ಅವರ ಸೋಮವಾರ ತಪ್ಪಲಿಲ್ಲ, ಕೊನೆಯ ಜ್ವರ ಬರುವವರೆಗೂ...

ಈಗ ಮುಂದೆ ಹಾಡುವವಳು ಕೊಹಿನೂರು ಹಳ್ಳಿಯಿಂದ ನಮ್ಮ ಓಣಿಗೆ ಬಂದ ಸೊಸೆ. ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಇವತ್ತು ಅಂಗಡಿಗೆ ತಂದಿದ್ದಳು. "ಕಾಕು ಅವರಷ್ಟು ಮ್ಯಾಲ ನನಗ ಹಾಡಾಕ ಆಗವಲ್ದು ಅಣ್ಣಾ. ಇಳಿಸಿ ಕೊಡ್ರಿ" ಎಂದಳು, ತಪ್ಪು ಮಾಡಿದವಳ ಹಾಗೆ. ಒಮ್ಮೆಗೇ ಎಲ್ಲವನ್ನೂ ಇಳಿಸುವ ನಾಜೂಕು ನನ್ನ ಸರ್ಕಿಟ್‌ಗಿಲ್ಲ, ಒಂದೊಂದೇ ತಿರುಪು ತಿರುಗಿಸಬೇಕು.

ತಂತಿಗೆ ಬೆಸುಗೆ ಹಾಕಿ, ಕೀಗಳನ್ನೆಲ್ಲ ಒಮ್ಮೆ ಒತ್ತಿ ಕೇಳಿದೆ. ಆಮೇಲೆ ಅವಳು ಎದುರಿಗೆ ಕೂತು ಹಾಡುತ್ತಿದ್ದಂತೆ ತಿರುಗಿಸುತ್ತ ಹೋದೆ. ಕೊನೆಯದೂ ಮುಗಿದಾಗ "ಬರೋಬ್ಬರಿ ಆಯ್ತ್ರಿ" ಎಂದ ಅವಳ ಮುಖ ಅರಳಿತು. ನಾನೂ ಹೌದೆಂದೆ. ಕಾಕು ಕೂಡಿಸಿಟ್ಟಿದ್ದ ಸ್ವರ ಉಳಿದದ್ದು ಆ ಪೆಟ್ಟಿಗೆಯೊಂದರಲ್ಲೇ, ಅದನ್ನು ನನ್ನ ಕೈಯಾರೆ ಅಳಿಸಿದ್ದೆ.