ಸೂಪರ್ ಹೀರೋಗೆ ಮೂವತ್ನಾಲ್ಕು ಅಂಕ

ನಿವೃತ್ತಳಾಗಿ ಆರು ವರ್ಷ ಕಳೆದ ಮೇಲೆ ನಾನು ಮತ್ತೊಂದು ಪತ್ರಿಕೆ ತಿದ್ದಿದೆ. ಪರೀಕ್ಷೆಗೆ ಕೂತವನು ಬಿಗಿ ಬಟ್ಟೆ ತೊಟ್ಟು ಆಕಾಶದಲ್ಲಿ ಹಾರುವ, ಒಂದೇ ಕೈಯಲ್ಲಿ ಬಸ್ಸು ಎತ್ತುವ ಸಿನಿಮಾ ವೀರ. ಪರೀಕ್ಷೆ ಇಟ್ಟವರು ಮುಳಬಾಗಿಲಿನಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು.

ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ತಮ್ಮ ಪ್ರಾರ್ಥನಾ ಸಭೆಯ ಹಿರಿಯರಲ್ಲಿ ಒಬ್ಬರು. ಆ ಸಭೆಯವರು ಸಿನಿಮಾ ಮಂದಿರದ ಮೆಟ್ಟಿಲು ಹತ್ತುವುದಿಲ್ಲ. ಕ್ರಿಸ್‌ಮಸ್ ರಜೆಯಲ್ಲಿ ಈ ಸಿನಿಮಾ ಊರಿಗೆ ಬಂದು, ಅವರ ಮಕ್ಕಳಿಬ್ಬರೂ ಹಟ ಹಿಡಿದಾಗ ಒಂದೇ ಮಾತಲ್ಲಿ ಬೇಡ ಎಂದು ಮುಗಿಸಬಹುದಿತ್ತು. ಆದರೆ ಮನುಷ್ಯ ನ್ಯಾಯವಂತ. ಎಲ್ಲ ತೊಂದರೆಯೂ ಶುರುವಾದದ್ದು ಅಲ್ಲಿಂದಲೇ.

“ನೋಡ್ದೇನೇ ಕೆಟ್ಟದ್ದು ಅಂದ್ಬಿಟ್ರೆ ತಪ್ಪಾಗ್ತದೆ ಟೀಚರಮ್ಮ. ನಾನೇ ಹೋಗಿ ನೋಡಿದ್ರೆ ಅದೂ ತಪ್ಪಾಗ್ತದೆ. ನೀವು ನೋಡ್ಕೊಂಡು ಬಂದು ಹೇಳಿ. ಕ್ರೈಸ್ತ ಕುಟುಂಬ ಕೂತ್ಕೊಂಡು ನೋಡೋ ಹಂಗಿದ್ರೆ ಹೆಂಡ್ತಿ ಮಕ್ಕಳನ್ನ ನಾನೇ ಕಳಿಸ್ತೀನಿ” ಎಂದರು.

ನಾನೋ ಮಠದ ಬೀದಿಯವಳು. ಏಕಾದಶಿಯ ದಿನ ಗುಟುಕು ನೀರು ಕುಡಿಯಲೂ ಪಂಚಾಂಗ ನೋಡುವ ಮಾಧ್ವರ ಮನೆಯಲ್ಲಿ ಹುಟ್ಟಿದವಳು. ಕ್ರೈಸ್ತ ಕುಟುಂಬಗಳಿಗೆ ಯಾವುದು ತಕ್ಕದ್ದು ಅಂತ ಹೇಳೋಕೆ ಇಡೀ ತಾಲ್ಲೂಕಲ್ಲಿ ನಾನೇ ಸಿಕ್ಕಿದ್ನಾ ಎಂದು ಕೇಳಿದೆ.

“ನೀವು ಮುಖ ನೋಡಿ ಮಾರ್ಕ್ಸ್ ಹಾಕೋರಲ್ಲ ಅಂತ ಊರಿಗೇ ಗೊತ್ತಲ್ಲ!”

ನಾನು ಉಬ್ಬಿಹೋದೆ. ಮೂವತ್ತು ವರ್ಷ ಹತ್ತನೇ ತರಗತಿಯ ವಿಜ್ಞಾನ ಪತ್ರಿಕೆ ತಿದ್ದಿದ ಕೈ ಇದು. ನಾನು ಕೊಟ್ಟ ಅಂಕ ಮರುಮೌಲ್ಯಮಾಪನದಲ್ಲಿ ಒಮ್ಮೆಯೂ ಬದಲಾಗಿಲ್ಲ. ಹಾಗಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದವಳೂ ನಾನೇ.

ಆ ಮಧ್ಯಾಹ್ನ ಅವರ ಹೆಂಡತಿ ಕಾಂಪೌಂಡಿನ ಆಚೆ ಬಂದು ನಿಂತಳು. ಆಕೆ ಶ್ರೀನಿವಾಸಪುರದವಳು. ಅಪ್ಪ ಅಲ್ಲಿನ ಟಾಕೀಸಿನಲ್ಲಿ ಗೇಟ್ ಕಾಯುತ್ತಿದ್ದರು. ಅವರೂ ಕ್ರೈಸ್ತರೇ, ಆದರೆ ಭಾನುವಾರ ಬೆಳಿಗ್ಗೆ ಚರ್ಚು, ಮಧ್ಯಾಹ್ನ ಮ್ಯಾಟಿನಿ ಎನ್ನುವ ಜಾತಿಯ ಕ್ರೈಸ್ತರು. ಗೇಟಿನ ಪಕ್ಕದ ಬೆಂಚಿನ ಮೇಲೆ ಸಿನಿಮಾ ನೋಡುತ್ತಲೇ ಈಕೆ ಬೆಳೆದಿದ್ದಳು. ಮದುವೆಯಾಗಿ ಹತ್ತೊಂಬತ್ತು ವರ್ಷ, ಒಂದು ದಿನವೂ ಥಿಯೇಟರಿನ ಒಳಗೆ ಕಾಲಿಟ್ಟಿಲ್ಲ.

“ಹಾರೋನು ಬೀಳೋನು ಯಾರೂ ನಂಗೆ ಬ್ಯಾಡ ಟೀಚರಮ್ಮಾ. ಕತೆ ಬೇಕಂದ್ರೆ ಫೋನಲ್ಲಿ ಸಿಗ್ತದೆ. ಹಾಲಲ್ಲಿ ಮಕ್ಕಳ ಪಕ್ಕ ಕೂತ್ಕೋಬೇಕು, ಲೈಟ್ ಆರ್ಬೇಕು, ಎಲ್ರೂ ಓ ಅಂತ ಕೂಗ್ಬೇಕು. ಒಂದ್ಸಲ, ಒಂದೇ ಒಂದ್ಸಲ ಸಾಕು. ಇವ್ರು ಇಷ್ಟು ಬಗ್ಗಿದ್ದೇ ದೊಡ್ಡದು. ಹೆಂಗಾದ್ರೂ ಪಾಸ್ ಮಾಡ್ಬಿಡಿ.”

“ಚೆನ್ನಾಗಿ ಬರೆದಿದ್ರೆ ಪಾಸಾಗ್ತಾನೆ ಬಿಡಮ್ಮ” ಎಂದೆ. ನನ್ನ ನಾಲಿಗೆಗೆ ಬೆಂಕಿ ಹಾಕ! ತರಗತಿಯ ಮುಂದೆ ನಿಂತು ಹೇಳುವ ಮಾತೇ ಬಾಯಿಗೆ ಬಂತು.

ಯಜಮಾನರು ಒಂದು ನೋಟ್‌ಬುಕ್ಕಿನಲ್ಲಿ ಹತ್ತು ಪ್ರಶ್ನೆ ಬರೆದುಕೊಟ್ಟಿದ್ದರು. ಪ್ರಶ್ನೆಗೆ ಹತ್ತರಂತೆ ನೂರು ಅಂಕ, ಪಾಸಾಗಲು ಮೂವತ್ತೈದು ಎಂದು ನಾನೇ ನಿಗದಿ ಮಾಡಿದೆ. ಕೆಂಪು ಪೆನ್ನು ಹಿಡಿದು ಮ್ಯಾಟಿನಿಗೆ ಹೋದೆ. ತೆಲುಗಿಗೆ ಡಬ್ ಆದ ಸಿನಿಮಾ. ಆಂಧ್ರ ಗಡಿಯ ನಂಗಲಿ ಕಡೆ ಹೋಗುವ ಲಾರಿಗಳ ಡ್ರೈವರುಗಳೇ ಅರ್ಧ ಹಾಲು ತುಂಬಿದ್ದರು. ಕತ್ತಲಲ್ಲಿ ತೊಡೆಯ ಮೇಲೆ ನೋಟ್‌ಬುಕ್ ಇಟ್ಟು ಗೀಚುತ್ತಿದ್ದ ನನ್ನನ್ನು ಕಂಡು ಪಕ್ಕದವನು, “ಏನಮ್ಮಾ, ಸೆನ್ಸಾರ್ ಬೋರ್ಡಾ?” ಎಂದ. “ಸುಮ್ನೆ ಕೂತ್ಕೋ, ಪರೀಕ್ಷೆ ನಡೀತಿದೆ” ಎಂದೆ. ಪಾಪ, ಇಂಟರ್ವೆಲ್‌ವರೆಗೂ ಅವನು ಕೆಮ್ಮಲಿಲ್ಲ.

ದೇವರಲ್ಲದವರು ತಮ್ಮನ್ನು ದೇವರೆಂದು ಕರೆದುಕೊಳ್ಳುತ್ತಾರೆಯೇ? ಖಳನಾಯಕ ಕರೆದುಕೊಂಡ, ಆದರೆ ಅದಕ್ಕೆ ಸರಿಯಾಗಿ ಒದೆಯನ್ನೂ ತಿಂದ. ಐದು ಅಂಕ. ಮಾಟ ಮಂತ್ರ ಇದೆಯೇ? ಒಬ್ಬ ಮುದುಕಿ ಗಾಳಿಯಲ್ಲಿ ಕೈ ಆಡಿಸಿ ಬಾಗಿಲು ತೆರೆದು, ಇದು ವಿಜ್ಞಾನ ಎಂದಳು. ಯಾರ ಹತ್ತಿರ ಹೇಳ್ತೀಯ ತಾಯಿ? ಸೊನ್ನೆ. ತಂದೆತಾಯಿಯನ್ನು ಗೌರವಿಸುತ್ತಾರೆಯೇ? ವೀರ ಇಡೀ ಸಿನಿಮಾದಲ್ಲಿ ಅಮ್ಮನ ಫೋನು ಎತ್ತಲಿಲ್ಲ. ಅಲ್ಲೂ ಹೊಡೆತ. ಕುಡಿತ ಇಲ್ಲ ಎಂಬುದಕ್ಕೆ ಮಾತ್ರ ಹತ್ತಕ್ಕೆ ಹತ್ತು. ಅಷ್ಟು ತೂಕದ ಬಸ್ಸು ಎತ್ತಿದವನ ಕಾಲು ರಸ್ತೆಯಲ್ಲಿ ಹೂತುಹೋಗಬೇಕಿತ್ತು, ಹೋಗಲಿಲ್ಲ. ಆದರೆ ಅದು ಸಿಲಬಸ್ಸಿನಲ್ಲಿ ಇರಲಿಲ್ಲವಾದ್ದರಿಂದ ಹಲ್ಲು ಕಚ್ಚಿಕೊಂಡು ಬಿಟ್ಟೆ.

ಸತ್ತವರು ಎದ್ದು ಬರುತ್ತಾರೆಯೇ ಎಂಬುದೇ ಕಷ್ಟದ ಪ್ರಶ್ನೆ. ವೀರ ಸೇತುವೆಯ ಕೆಳಗೆ ಸಿಕ್ಕಿ ಸತ್ತ. ಇಡೀ ಹಾಲೇ ಉಸಿರು ಬಿಗಿಹಿಡಿಯಿತು. ಯೇಸುವಿನ ಹಾಗೆ ಮೂರನೇ ದಿನ ಎದ್ದಿದ್ದರೆ ಪಕ್ಕದ ಮನೆಯವರು ಖಂಡಿತ ನೊಂದುಕೊಳ್ಳುತ್ತಿದ್ದರು. ಇವನು ಮೂರೇ ನಿಮಿಷಕ್ಕೆ ಎದ್ದುಬಿಟ್ಟ! ಎಲ್ಲರ ಜೊತೆ ನಾನೂ ಎದ್ದು ನಿಂತು ಚಪ್ಪಾಳೆ ಹೊಡೆದೆ, ನೋಟ್‌ಬುಕ್ ಕೆಳಗೆ ಬಿತ್ತು. ಅದನ್ನು ಹುಡುಕಿ ಎತ್ತಿಕೊಂಡು ಎರಡು ಅಂಕ ಹಾಕಿದೆ.

ಇದೇ ಪ್ರಶ್ನೆಗಳನ್ನು ಹಿಡಿದು ನಮ್ಮ ಮನೆಯ ಪುರಾಣಗಳನ್ನು ತಿದ್ದಿದ್ದರೆ ಎಷ್ಟು ಬರುತ್ತಿತ್ತು ಎಂದು ನಾನು ಯೋಚಿಸಲಿಲ್ಲ. ಅದು ಬೇರೆ ಸಬ್ಜೆಕ್ಟು.

ಮನೆಗೆ ಬಂದು ಮೂರು ಸಲ ಕೂಡಿದೆ. ಮೂರು ಸಲವೂ ಮೂವತ್ನಾಲ್ಕೇ ಬಂತು. ಒಂದು ಅಂಕ ಸೇರಿಸಿದರೆ ಕೇಳುವವರು ಯಾರಿದ್ದರು? ಆದರೆ ಅಯ್ಯೋ ಪಾಪ ಎಂದು ಅಂಕ ಹಾಕಿದವಳು ನಾನಲ್ಲ. ಕೆಳಗೆ ಗೆರೆ ಎಳೆದು ಸಹಿ ಮಾಡಿ ಕೊಟ್ಟುಬಿಟ್ಟೆ.

ಯಜಮಾನರು ಓದಿ, “ಛೇ, ಒಂದೇ ಮಾರ್ಕಲ್ಲಿ ಹೋಯ್ತಲ್ಲ” ಎಂದರು. ನಿಜವಾಗಿಯೂ ಬೇಜಾರಾಗಿತ್ತು ಅವರಿಗೆ. ಹೆಂಡತಿ ಸಂಜೆ ಒಣಗಿದ ಬಟ್ಟೆ ತೆಗೆಯುತ್ತಾ, “ಟೀಚರಮ್ಮಾ, ಇದಕ್ಕೆ ರೀವ್ಯಾಲ್ಯುಯೇಷನ್ ಇರಲ್ವಾ?” ಎಂದು ನಗುನಗುತ್ತಲೇ ಕೇಳಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನಗುವನ್ನು ತಡೆದುಕೊಳ್ಳಲಾಗಲಿಲ್ಲ.

ಮಾರನೆಯ ದಿನ ಗುರುವಾರ. ಶುಕ್ರವಾರ ಸಿನಿಮಾ ಬದಲಾಗುತ್ತದೆ. ಬೆಳಿಗ್ಗೆಯೇ ಹೋಗಿ, ಸತ್ತವರ ಪ್ರಶ್ನೆಗೆ ಹಾಕಿದ ಎರಡನ್ನು ಹೊಡೆದು ಮೂರು ಮಾಡಿ, ಮೂವತ್ತೈದಾಯ್ತು ಕಳಿಸಿಕೊಡಿ ಎಂದೆ. ಮೂವತ್ತು ವರ್ಷದಲ್ಲಿ ಹೀಗೆ ತಿದ್ದಿದ್ದು ಅದೇ ಮೊದಲು. ಯಜಮಾನರು ಡಿಪೋಗೆ ಹೊರಟಿದ್ದವರು ನಿಂತರು.

“ನಿಮ್ಮ ಮಾರ್ಕ್ಸ್ ಬದಲಾಗಲ್ಲ ಅಂತಾನೇ ನಿಮ್ಮತ್ರ ಕೊಟ್ಟಿದ್ದು ಟೀಚರಮ್ಮ. ಇವಳು ಬಂದು ಅತ್ಲು ಅಂತ ತಿದ್ದಿದ್ರೆ ಅದು ಮಾರ್ಕ್ಸಾ?”

“ಅವಳು ಅಳಲಿಲ್ಲ ಕಣಪ್ಪಾ.”

“ಹಂಗಾದ್ರೆ ಯಾಕೆ ತಿದ್ದಿದ್ರಿ?”

ನಾನು ಚಪ್ಪಾಳೆ ಹೊಡೆದೆ ಎಂದು ಹೇಳಬಹುದಿತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಯಿತು. ಅಡುಗೆಮನೆಯ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ಕಾಫಿ ನನ್ನ ಕೈಗಿಟ್ಟು ಒಳಗೆ ಹೋದಳು.

ಶುಕ್ರವಾರ ಸಿನಿಮಾ ಹೋಯಿತು. ಭಾನುವಾರ ಸಭೆ ಮುಗಿಸಿಕೊಂಡು ಆಕೆ ನಮ್ಮ ಮನೆಗೆ ಬಂದಳು. ತಟ್ಟೆಯಲ್ಲಿ ಕೇಕು, ನನಗೆಂದೇ ಮೊಟ್ಟೆ ಹಾಕದೆ ಬೇರೆ ಮಾಡಿದ್ದು. ಜಗಲಿಯ ಮೇಲೆ ಕೂತು, “ಹೋಗ್ಲಿ, ಕತೆಯಾದ್ರೂ ಹೇಳಿ” ಎಂದಳು.

ಹೇಳಿದೆ. ಇಷ್ಟಾದರೂ ಮಾಡೋಣ ಎಂದು ಮನಸ್ಸಿಟ್ಟು ಹೇಳಿದೆ. ಮುದುಕಿ ಬಾಗಿಲು ತೆರೆದಿದ್ದನ್ನು ಕೈ ಆಡಿಸಿ ತೋರಿಸಿದೆ. ಬಸ್ಸು ಎತ್ತಿದ್ದಕ್ಕೆ ಎದ್ದು ನಿಂತೆ. ಹೆಂಡತಿಯನ್ನು ಊಟಕ್ಕೆ ಕರೆಯಲು ಬಂದ ಯಜಮಾನರು ಗೇಟಿನ ಹತ್ತಿರವೇ ನಿಂತುಬಿಟ್ಟರು. ನೋಡುವುದು ತಪ್ಪಿರಬಹುದು, ಕೇಳುವುದಕ್ಕೆ ಅವರ ಸಭೆಯಲ್ಲಿ ಯಾವ ನಿಯಮವೂ ಇದ್ದಂತಿರಲಿಲ್ಲ. ಸೇತುವೆ ಕುಸಿದು ವೀರ ಸತ್ತಾಗ ನಾನು ನೀರು ಕುಡಿಯಲು ನಿಲ್ಲಿಸಿದೆ. “ಆಮೇಲೆ?” ಎಂದವರು ಅವರೇ.

“ಆಮೇಲೇನು, ಎದ್ದ! ಇಡೀ ಹಾಲು ಎದ್ದು ನಿಲ್ತು. ನಾನೂ ನಿಂತೆ, ಚಪ್ಪಾಳೆನೂ ಹೊಡ್ದೆ” ಎಂದೆ. ಕತೆಯ ಭರದಲ್ಲಿ ಬಾಯಿ ತಪ್ಪಿ ಬಂದುಬಿಟ್ಟಿತು.

ಆಕೆ ಗಂಡನ ಕಡೆ ನೋಡಲಿಲ್ಲ. ನನ್ನ ಮುಖವನ್ನೇ ನೋಡಿದಳು. ಕೋಪವಿರಲಿಲ್ಲ. ಬೆಂಚಿನಿಂದ ಎದ್ದು ನಿಂತು ಸಂಶಯ ಕೇಳುವ ಮಕ್ಕಳ ಹಾಗೆ, ತಿಳಿದುಕೊಳ್ಳಲೆಂದೇ ಕೇಳಿದಳು: “ಇಷ್ಟು ಚೆನ್ನಾಗಿತ್ತಾ ಟೀಚರಮ್ಮಾ? ಮತ್ತೆ ಮೂವತ್ನಾಲ್ಕೇ ಯಾಕೆ ಹಾಕಿದ್ರಿ?”

ತಟ್ಟೆ ತೊಳೆದು ಕೊಡ್ತೀನಿ ಎಂದು ನಾನು ಒಳಗೆ ಎದ್ದುಹೋದೆ.