ಮಟಕಿಯ ಎಮ್ಮೆ ಮತ್ತು ನನ್ನ ವಯಸ್ಸು

ನಿವೃತ್ತಿಯ ಅಂಚಿನಲ್ಲಿದ್ದ ಪಶುವೈದ್ಯೆ ನಾನು. ಮಟಕಿ ಎಂಬ ಹಳ್ಳಿಯ ಹುಸೇನಬಿಯ ಕೊಟ್ಟಿಗೆಗೆ ಹೋದಾಗ ಆಕೆ ನನ್ನ ನರೆತ ತಲೆಯನ್ನೊಮ್ಮೆ ನೋಡಿ, ಹಿಂದೆ ಇನ್ಯಾರಾದರೂ ಬರುತ್ತಿದ್ದಾರೇನೋ ಎಂದು ಬಾಗಿಲ ಕಡೆ ಕತ್ತು ಚಾಚಿದಳು.

“ಡಾಕ್ಟರ್ ಎಲ್ಲಿ ಅದಾರ್ರಿ?”

“ನಾನೇ ರೀ.”

“ಯಾ ಅಲ್ಲಾ! ಕರು ಸಿಕ್ಕೊಂಡು ಮುಂಜಾನಿಂದ ಎಮ್ಮಿ ಒದ್ದಾಡಾಕತ್ತದ. ಯಾರರ ಹರೇದವರನ್ನ ಕಳಸಬಾರದೇನ್ರಿ? ಈ ವಯಸ್ಸಿನಾಗ ನಿಮ್ಮ ಕೈಲೆ ಆಗ್ತದೇನು?”

ಸೆರಗು ಸಿಕ್ಕಿಸಿ, ಭುಜದವರೆಗೆ ಸೋಪು ಹಚ್ಚಿಕೊಂಡು ಕೈ ಒಳಗೆ ಹಾಕಿದೆ. ಕರುವಿನ ತಲೆ ಹಿಂದಕ್ಕೆ ಹೊರಳಿತ್ತು. ಎಮ್ಮೆ ತಿಣುಕಿದಾಗಲೆಲ್ಲ ನನ್ನ ತೋಳು ನುಜ್ಜುಗುಜ್ಜಾಗುತ್ತಿತ್ತು. ಅದು ಸುಮ್ಮನಾದಾಗ ಒಂದಿಷ್ಟೇ ತಿರುಗಿಸುತ್ತಿದ್ದೆ. ಅವಸರ ಮಾಡಲಿಲ್ಲ. ಕೊನೆಗೆ ಮೂತಿ ಕೈಗೆ ಸಿಕ್ಕಿತು. ಕರುವಿನ ಮುಂಗಾಲುಗಳಿಗೆ ಹಗ್ಗ ಕಟ್ಟಿ “ಹಿಡೀರಿ” ಎಂದೆ. ನನಗಿಂತ ದೊಡ್ಡವಳಾದ ಹುಸೇನಬಿ ಗೋಡೆಗೆ ಕಾಲು ಕೊಟ್ಟು ಎಳೆದಳು. ಕರು ಜಾರಿ ಹೊರಬಂದು ಸೀನಿತು. ನಾವಿಬ್ಬರೂ ಹುಲ್ಲಿನ ಮೇಲೆ ಕುಸಿದು ಕೂತು ನಕ್ಕೆವು.

“ಮುಂದಿನ ಸಲಾನೂ ನೀವೇ ಬರ್ರಿ ಡಾಕ್ಟರ್ ಬಾಯಾರ,” ಎನ್ನುತ್ತ ಆಕೆ ನನ್ನ ಕೈಗೆ ನೀರು ಹಾಕಿದಳು.

ನೌಕರಿಗೆ ಸೇರಿದ ಹೊಸದರಲ್ಲಿ ಅಫಜಲಪುರದ ಕಡೆ ಒಬ್ಬ ರೈತ ನನ್ನನ್ನು ನೋಡಿ, “ಇಷ್ಟು ಸಣ್ಣ ಹುಡುಗಿ ಏನ್ ಮಾಡ್ತಾಳ? ಯಾರರ ವಯಸ್ಸಾದವರನ್ನ ಕಳಸ್ರಿ” ಅಂದಿದ್ದ. ನಡುವೆ ಎಂದೋ ಒಂದು ದಿನ ನನಗೆ ಸರಿಯಾದ ವಯಸ್ಸು ಬಂದು ಹೋಗಿರಬೇಕು. ಆವತ್ತು ಯಾರ ಎಮ್ಮೆಗೂ ಕಾಯಿಲೆ ಇರಲಿಲ್ಲ ಅಂತ ಕಾಣುತ್ತದೆ.