ಬಿಸಿಲಿಗಿಟ್ಟ ಗಾಜಿನ ಹಾಳೆಗಳು

೧೯೮೪ರಲ್ಲಿ, ಏಳನೆಯ ತರಗತಿ ಮುಗಿಸಿ ಶಾಲೆ ಬಿಟ್ಟೆ. ಬಿಡಿಸಿದವರು ಯಾರೂ ಇಲ್ಲ, ನಾನೇ ಬಿಟ್ಟೆ. ಕೊಟ್ಟೂರಿನಲ್ಲಿ ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಅಂಗಡಿ ಇಟ್ಟಿದ್ದ ಸೋದರಮಾವನಿಗೆ ಒಂದು ಆಳು ಬೇಕಿತ್ತು, ನನಗೆ ಕೈಕೆಲಸದ ಹುಚ್ಚಿತ್ತು. ಹತ್ತು ವರ್ಷದೊಳಗೆ ನನ್ನದೇ ಅಂಗಡಿಯಾಯಿತು. ಕೂಡ್ಲಿಗಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯ ಪಂಪುಗಳು ನನ್ನ ಬಾಗಿಲಿಗೇ ಬರುತ್ತಿದ್ದವು. ನಾನು ಸುತ್ತಿದ ಮೋಟಾರು ಅದೇ ದೂರು ಹೊತ್ತು ತಿರುಗಿ ಬಂದದ್ದು ಕಡಿಮೆ. ಇದನ್ನು ಹೆಮ್ಮೆಯಿಂದ ಬರೆಯುತ್ತೇನೆ. ಮುಂದೆ ಹೇಳುವ ತಪ್ಪು ಆದದ್ದೂ ಈ ಹೆಮ್ಮೆಯಿಂದಲೇ.

ನಮ್ಮ ಕಸುಬಿನಲ್ಲಿ ಒಂದು ರೀತಿಯಿದೆ. ನೀರು ಹೊಕ್ಕ ಟ್ರಾನ್ಸ್‌ಫಾರ್ಮರ್ ಬಂದರೆ ಮೊದಲು ಅದರ ತಿರುಳು ಬಿಚ್ಚಬೇಕು. ತಿರುಳೆಂದರೆ ತೆಳ್ಳನೆಯ ತಗಡುಗಳ ಕಟ್ಟು. ಒಂದೊಂದನ್ನೂ ಬಿಡಿಸಿ, ಸೀಮೆಸುಣ್ಣದಲ್ಲಿ ನಂಬರು ಹಾಕಿ, ಒರೆಸಿ, ಬಿಸಿಲಿಗಿಟ್ಟು, ಅದೇ ಕ್ರಮದಲ್ಲಿ ಜೋಡಿಸಬೇಕು. ಮಾಲಿನ ಯಜಮಾನ ಕೇಳಲಿ ಬಿಡಲಿ, ಒದ್ದೆ ಮಾಲನ್ನು ಹಾಗೇ ಇಟ್ಟುಕೊಂಡರೆ ಕಸುಬಿಗೆ ಅವಮಾನ.

ತೊಂಬತ್ತರ ದಶಕದ ನಡುವೆ ಒಂದು ದಿನ ಚಿಗಟೇರಿ ಕಡೆಯ ಕುರಿಯವರೊಬ್ಬರು ಎತ್ತಿನ ಗಾಡಿಯಲ್ಲಿ ಒಂದು ಪೆಟ್ಟಿಗೆ ತಂದರು. ಅವರ ಎರಡು ಪಂಪು ಸುತ್ತಿಕೊಟ್ಟಿದ್ದೆ, ಆ ನಂಬಿಕೆ. ಪೆಟ್ಟಿಗೆಯ ಮೈಗೆಲ್ಲ ದೇವರ ಭಂಡಾರದ ಅರಿಸಿನ.

"ಏನ್ರಿ ಇದು?"

"ಮ್ಯಾಲಿಂದ ಬಿತ್ತು ಮಾರಾಯ. ಊರಷ್ಟುದ್ದದ ಬಿಳಿ ಪ್ಲಾಸ್ಟಿಕ್ ಚೀಲದ ಸಂಗಾಟ, ಹೊಂಡದಾಗ ಬಿತ್ತು. ಇಂದ್ರನ ಮನಿ ಮೋಟಾರ ಸುಟ್ಟಿರಬೇಕು, ನಿನ್ನ ಹೆಸರು ಅಲ್ಲೀತನಕ ಹೋಗೇತಿ."

"ಅರಿಸಿನ ಯಾಕ ಹಚ್ಚೀರಿ?"

"ಏನಂತ ಗೊತ್ತಿಲ್ಲ, ಮೈಲಾರಲಿಂಗಗ ಒಂದು ಮಾತು ಹೇಳಿಬಿಡೂಣು ಅಂತ. ಪೊಲೀಸ್ರಿಗೂ ತಿಳಿಸೀವಿ. ಮಾಲಿನವರು ಬರೋತನಕ ನಿನ್ನ ಹತ್ರ ಇರಲಿ. ಒಳಗ ನೀರು ಹೊಕ್ಕೈತಿ, ನೋಡು."

ಪೆಟ್ಟಿಗೆಯ ಮೇಲೆ ಇಂಗ್ಲಿಷಿನಲ್ಲಿ ಕೆಂಪಗೆ ಎರಡು ಸಾಲು ಬರೆದಿತ್ತು. ಅಕ್ಷರ ಕೂಡಿಸಬಲ್ಲೆ, ಅರ್ಥವಾಗುತ್ತಿರಲಿಲ್ಲ. ನಾಲ್ಕು ಅಂಗಡಿ ಆಚೆ ಕಾಲೇಜು ಮೇಷ್ಟ್ರೊಬ್ಬರ ಮನೆಯಿತ್ತು. ಹೋಗಿ ಓದಿಸಬಹುದಿತ್ತು, ಹೋಗಲಿಲ್ಲ. ಮಷಿನ್ನಿನ ವಿಷಯಕ್ಕೆ ನಾನು ಇನ್ನೊಬ್ಬರನ್ನು ಕೇಳುವುದೇ?

ಬಿಚ್ಚಿದೆ. ಒಳಗೆ ಕಪ್ಪು ಕಾಗದದಲ್ಲಿ ಬಿಗಿಯಾಗಿ ಸುತ್ತಿದ ಒಂದು ಕಟ್ಟು, ಅಂಚೆಲ್ಲ ಒದ್ದೆ. ಕಾಗದ ಹರಿದರೆ ತಗಡಿನ ಬದಲು ಗಾಜಿನ ಹಾಳೆಗಳು. ಹೊಸ ನಮೂನೆಯ ತಿರುಳು ಇರಬೇಕು ಅಂದುಕೊಂಡೆ. ನಂಬರು ಹಾಕಿದೆ, ಹತ್ತಿಬಟ್ಟೆಯಲ್ಲಿ ಅಂಚು ಒರೆಸಿದೆ, ಮಾಳಿಗೆಯ ಮೇಲೆ ಚಾಪೆ ಹಾಸಿ ಎರಡು ದಿನ ಬಿಸಿಲಿಗಿಟ್ಟೆ.

ಮೂರನೆಯ ದಿನ ಜೀಪು ಬಂತು. ಒಬ್ಬ ಪೇದೆ, ಜತೆಗೆ ನರೆತ ಕೂದಲಿನ ಒಬ್ಬ ವಿಜ್ಞಾನಿ. ಮೈಸೂರು ಕಡೆಯ ಮಾತು. ಪೆಟ್ಟಿಗೆ ನೋಡಿದ್ದೇ ಅವರ ಮುಖ ಅರಳಿತು. ನಾನು ಹೆಮ್ಮೆಯಿಂದ ಕಟ್ಟು ತಂದು ಅವರ ಮುಂದಿಟ್ಟೆ.

"ಒಂದು ಹನಿ ನೀರಿಲ್ಲ ನೋಡ್ರಿ ಸರ್. ಎರಡು ದಿನ ಬಿಸಿಲಾಗ ಒಣಗಿಸೀನಿ."

ಅವರು ಒಂದು ಹಾಳೆ ಎತ್ತಿದರು, ತಿರುಗಿಸಿ ನೋಡಿದರು, ಮೆಲ್ಲಗೆ ಸ್ಟೂಲಿನ ಮೇಲೆ ಕೂತರು. "ಬಿಸಿಲಲ್ಲೇ?" ಎಂದರು. ಪೇದೆ "ಲೇ, ಏನ್ ಮಾಡೀಯೋ?" ಎಂದು ನನ್ನ ಮೇಲೆ ಏರಿಬಂದಾಗ ಅವರೇ ಕೈ ಅಡ್ಡ ಹಿಡಿದರು.

ಆಮೇಲೆ ಚಹಾ ಕುಡಿಯುತ್ತ ನನಗೆ ತಿಳಿಯುವಂತೆ ಹೇಳಿದರು. ಅದು ಮೋಟಾರೂ ಅಲ್ಲ, ಟ್ರಾನ್ಸ್‌ಫಾರ್ಮರೂ ಅಲ್ಲ. ದೊಡ್ಡ ಬಲೂನು ಅದನ್ನು ಆಕಾಶದ ಅಂಚಿಗೆ ಒಯ್ದಿತ್ತು. ನಕ್ಷತ್ರಗಳ ಕಡೆಯಿಂದ ಬರುವ ಕಣಗಳು ಆ ಹಾಳೆಗಳಲ್ಲಿ ಗೆರೆ ಬಿಟ್ಟು ಹೋಗುತ್ತವೆ. ಫೋಟೋದ ರೀಲಿನ ಹಾಗೆ, ತೊಳೆಯುವ ಮೊದಲು ಬೆಳಕು ಬಿದ್ದರೆ ಎಲ್ಲ ಹೋಯಿತು. ಪೆಟ್ಟಿಗೆಯ ಮೇಲಿನ ಎರಡು ಕೆಂಪು ಸಾಲು ಹೇಳಿದ್ದೂ ಅದನ್ನೇ: ತೆರೆಯಬೇಡಿ, ಬೆಳಕಿಗೆ ಒಡ್ಡಬೇಡಿ.

"ಇನ್ನೊಂದು ಬಲೂನು ಬಿಡ್ರಿ ಸರ್," ಎಂದೆ.

"ಬಿಡಬೇಕಾದರೆ ದುಡ್ಡು ಮಂಜೂರಾಗಬೇಕಪ್ಪ. ಪಾರ್ಲಿಮೆಂಟಿನ ಸಮಿತಿ ಕೂತಿದೆ. ಇಷ್ಟು ವರ್ಷ ಕೊಟ್ಟೆವು, ಏನು ಸಿಕ್ಕಿತು ಅಂತ ಕೇಳುತ್ತೆ. ಕೇಳಬೇಕಾದದ್ದೇ, ಜನರ ದುಡ್ಡು. ಇವನ್ನೇ ತೋರಿಸೋಣ ಅಂತಿದ್ದೆ. ನನ್ನ ಸರ್ವಿಸು ಇನ್ನು ಎರಡೇ ವರ್ಷ."

ಹೊರಡುವಾಗ ಸೀಮೆಸುಣ್ಣದ ನಂಬರುಗಳ ಮೇಲೆ ಬೆರಳಾಡಿಸಿ, "ಎಷ್ಟು ಚಂದ ಜೋಡಿಸಿದ್ದೀರಿ," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕೆಡಿಸಿದವನು ನಾನು, ಸರಿಮಾಡಬೇಕಾದವನೂ ನಾನೇ. ವಾರ ಕಳೆದು ಹಡಗಲಿಗೆ ಬಸ್ಸು ಹತ್ತಿದೆ. ಅಲ್ಲಿ ದೆಹಲಿಯತನಕ ಗುರುತಿದ್ದ ಒಬ್ಬ ಮುಖಂಡರಿದ್ದರು. ಎಲ್ಲ ಬಿಡಿಸಿ ಹೇಳಿದೆ.

"ನಿಂದೇನು ಹೋತು ಅದರಾಗ? ಕೇಸಾಗೇತೇನು?" ಎಂದರು.

"ಇಲ್ರಿ. ಅವರಿಗೆ ಇನ್ನೊಂದು ಸಲ ಬಲೂನು ಬಿಡಾಕ ಕೊಡಬೇಕು. ತಪ್ಪು ನಂದು, ಅವರದಲ್ಲ. ಅಷ್ಟು ಬರೀರಿ."

"ಹುಚ್ಚ ಇದ್ದೀಯೋ! ಒಂದು ಮಾತು ಸದನದಾಗ ಬಂತಂದ್ರ ಕೆಲಸ ಆದಂಗ. ಗುರುತಿನ ಮೆಂಬರೊಬ್ರು ಅದಾರ, ಪ್ರಶ್ನಿ ಕೇಳಸ್ತೀನಿ ತಗೋ."

ಅವರ ಬರವಣಿಗೆಯವನು ಇಂಗ್ಲಿಷಿನಲ್ಲಿ ಟೈಪು ಮಾಡಿದ. ನಾನು ಹೇಳಿದ್ದನ್ನೇ ಬರೆದಿದ್ದಾನೆಂದು ನಂಬಿ ಸಹಿ ಹಾಕಿದೆ. ಎರಡನೆಯ ಸಲವೂ ಓದಿಸಿ ನೋಡಲಿಲ್ಲ.

ಕೆಲವು ತಿಂಗಳ ಮೇಲೆ ಮುಖಂಡರು ಪಾರ್ಲಿಮೆಂಟಿನ ಪ್ರಶ್ನೋತ್ತರ ಅಚ್ಚಾದ ಒಂದು ಹಾಳೆ ಕಳಿಸಿ, "ಕೆಲಸ ಆತು, ಪೇಡೆ ತಿನ್ನಿಸು" ಎಂದು ಹೇಳಿಕಳಿಸಿದರು. ಈ ಸಲ ಮೇಷ್ಟ್ರ ಮನೆಗೆ ಹೋದೆ. ಅವರು ಕನ್ನಡಕ ಹಾಕಿ ಓದಿ ಹೇಳಿದರು. ಆಕಾಶದಿಂದ ಯಂತ್ರವೊಂದು ಜನವಸತಿಯ ಹತ್ತಿರ ಬಿದ್ದದ್ದು ನಿಜವೇ? ಅದು ಹಾಳಾದದ್ದು ನಿಜವೇ? ಆದ ವೆಚ್ಚವೆಷ್ಟು? ಹೊಣೆಗಾರರ ಮೇಲೆ ಏನು ಕ್ರಮ? ಉತ್ತರದಲ್ಲಿ, ಬಿದ್ದದ್ದು ನಿಜ, ಯಾರಿಗೂ ಗಾಯವಿಲ್ಲ, ಈ ಬಗೆಯ ಹಾರಾಟ ಮುಂದುವರಿಸುವ ಪ್ರಸ್ತಾಪವಿಲ್ಲ ಎಂದಿತ್ತು.

"ತಪ್ಪು ನಂದು ಅನ್ನೋ ಮಾತು ಎಲ್ಲೈತ್ರಿ?" ಎಂದು ಕೇಳಿದೆ.

ಮೇಷ್ಟ್ರು ಹಾಳೆ ಹಿಂದೆ ಮುಂದೆ ತಿರುಗಿಸಿದರು. "ಇಲ್ಲಪ್ಪ. ಇಲ್ಲಿಲ್ಲ."

ಅವತ್ತೇ ಆ ವಿಜ್ಞಾನಿಗೆ, ಅವರು ಕೊಟ್ಟುಹೋಗಿದ್ದ ವಿಳಾಸಕ್ಕೆ, ಕಾಗದ ಬರೆದೆ, ನನ್ನ ಕೈಯಾರೆ, ಕನ್ನಡದಲ್ಲಿ. ಆ ಪ್ರಶ್ನೆ ಕೇಳಿಸಿದವನು ನಾನೇ, ಒಳ್ಳೆಯದಾಗಲೆಂದು ಕೇಳಿಸಿದೆ ಎಂದು. ಹದಿನೈದು ದಿನಕ್ಕೆ ಉತ್ತರ ಬಂತು. "ಆ ಪ್ರಶ್ನೆ ನಮ್ಮ ಕಚೇರಿಗೇ ಬಂದಿತ್ತು. ಉತ್ತರದ ಕರಡು ಬರೆದುಕೊಟ್ಟವನು ನಾನೇ. ನಿಮ್ಮ ಅಂಗಡಿಯ ಮಾತು ಅದರಲ್ಲಿ ಬಾರದಂತೆ ನೋಡಿಕೊಂಡೆ. ಕೊನೆಯ ಸಾಲು ಮೇಲಿನವರದು. ನೀವು ನೊಂದುಕೊಳ್ಳಬೇಡಿ," ಎಂದು ಬರೆದಿದ್ದರು.

ತಮ್ಮ ಕೆಲಸಕ್ಕೆ ಮಣ್ಣು ಹಾಕುವ ಕಾಗದವನ್ನು ತಮ್ಮ ಕೈಯಿಂದಲೇ ಬರೆಯುತ್ತ, ಆ ಮನುಷ್ಯ ನನ್ನ ಮರ್ಯಾದೆ ಕಾದರು. ನಾನು ಅವರಿಗೆ ಏನನ್ನೂ ಸರಿಮಾಡಿ ಕೊಡಲಿಲ್ಲ.

ನಿವೃತ್ತಿಯ ನಂತರ ಅವರು ಇನ್ನೆರಡು ಪತ್ರ ಬರೆದರು, ಮನೆ, ಮೊಮ್ಮಗಳು, ಮಂಡಿನೋವು ಎಂದು. ಹಾಳೆಗಳ ಸುದ್ದಿ ಎತ್ತಲಿಲ್ಲ. ಎರಡು ಸಾವಿರದ ಇಸವಿಯ ಈಚೆ ನಾನು ಹಾಕಿದ ಪತ್ರ "ವಿಳಾಸದಾರರು ಮೃತರು" ಎಂಬ ಷರಾದೊಂದಿಗೆ ತಿರುಗಿ ಬಂತು.

ಈಗ ನನ್ನ ಹತ್ತಿರ ಒಂದು ಅಂಗಡಿ, ಎರಡು ವೈಂಡಿಂಗ್ ಮಷಿನ್ನು, ಮೂವರು ಕೆಲಸಗಾರರು ಇದ್ದಾರೆ. ಪಾರ್ಲಿಮೆಂಟಿನ ಹಾಳೆ ಒಂದು. ಅವರು ಬರೆದ ಪತ್ರ ಮೂರು. ತಿರುಗಿ ಬಂದದ್ದು ಒಂದು.